ಮಕ್ಕಳಿಗೆ ಒಂದೊಂದು ಗುಂಟೆ ಬಿಟ್ಟುಕೊಟ್ಟೆ

ಮಕ್ಕಳಿಗೆ ಹೊಲದ ಕೆಲಸ ಕಲಿಸಲು ಹೋಗಿ ಮೊದಲ ವರ್ಷ ಎಡವಿದೆ. ಬೆಂಗಳೂರಿಂದ ಅಕ್ಕನ ಮಗ, ಅವನ ಕ್ಲಾಸಿನ ಇಬ್ಬರು ಹುಡುಗರು, ಜೊತೆಗೆ ನಮ್ಮೂರಿನ ಪಕ್ಕದ ಮನೆ ಹುಡುಗಿ, ನಾಲ್ಕೂ ಜನರನ್ನು ಕುಣಿಗಲ್ ಹತ್ತಿರದ ನಮ್ಮ ಹೊಲಕ್ಕೆ ಕರ್ಕೊಂಡು ಹೋಗಿ, ಚೆಲ್ಲಿ ಬಿತ್ತಿದ್ದ ರಾಗಿಯಲ್ಲಿ ಕಳೆ ಕೀಳಲು ಬಿಟ್ಟೆ. ಎರಡು ಗಂಟೆ ಬಿಟ್ಟು ಬಂದು ನೋಡಿದರೆ ರಾಗಿ ಪೈರು ಬದುವಿನ ಮೇಲೆ ರಾಶಿ ಬಿದ್ದಿದೆ, ಕಾಡುರಾಗಿ ಅನ್ನೋ ಕಳೆ ಹೊಲದಲ್ಲಿ ಆರಾಮಾಗಿದೆ! ಬೈಯೋಕೂ ಆಗಲಿಲ್ಲ. ಎಳೆಯದರಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬುಡ ಮುಟ್ಟಿ ನೋಡಬೇಕು, ಕಾಡುರಾಗಿಯ ಬುಡ ಚಪ್ಪಟೆ, ಬೆಳ್ಳಗಿರುತ್ತೆ, ನೆಲಕ್ಕೆ ಹರಡಿಕೊಂಡಿರುತ್ತೆ. ಅದನ್ನು ಹೇಳಿಕೊಡದೆ ಬಿಟ್ಟಿದ್ದು ನಾನು. ಪಕ್ಕದ ಮನೆ ಹುಡುಗಿಗೂ ಗೊತ್ತಿರಲಿಲ್ಲ. ಹಳ್ಳಿಯಲ್ಲಿದ್ದಾಳೆ, ಬಂದೇ ಬರುತ್ತೆ ಅಂದುಕೊಂಡಿದ್ದೆ.

ಮರುವರ್ಷ ಒಬ್ಬೊಬ್ಬರಿಗೆ ಒಂದೊಂದು ಗುಂಟೆ ಕೊಟ್ಟೆ. 33 ಅಡಿ ಉದ್ದ, 33 ಅಡಿ ಅಗಲ. ಬೆಳೆದದ್ದು ಅವರದೇ, ಹೋದರೂ ಅವರದೇ. ಈ ಸಲ ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ಹಿಡಿದೆ. ಒಂದೂವರೆ ಅಡಿಗೊಂದು ಗೆರೆ ಉದ್ದಕ್ಕೂ ಅಡ್ಡಕ್ಕೂ ಎಳೆದು, ಗೆರೆ ಸೇರುವ ಕಡೆ ಗುಳಿ ಮಾಡಿ, ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, 20–25 ದಿನದ ಎರಡು ಪೈರು ಊರುವುದು. ಗುಂಟೆಗೆ ಸುಮಾರು 480 ಗುಳಿ. ಗೆರೆಯಲ್ಲಿಲ್ಲದ್ದೆಲ್ಲ ಕಳೆ, ಕಣ್ಮುಚ್ಚಿ ಕೀಳಬಹುದು.

ಬೇಸಿಗೆ ರಜೆಗೆ ಮಕ್ಕಳನ್ನು ಕಳಿಸ್ತೀವಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಮಳೆ ಆಶ್ರಯದ ಹೊಲದಲ್ಲಿ ಏಪ್ರಿಲ್‌ನಲ್ಲಿ ಗೊಬ್ಬರ ಹೊಡೆಯೋದು ಬಿಟ್ಟರೆ ಇನ್ನೇನಿದೆ? ಅದಕ್ಕೇ ಜುಲೈಯಿಂದ ಹದಿನೈದು ದಿನಕ್ಕೊಂದು ಭಾನುವಾರ ಬರಬೇಕು ಅಂದೆ.

ನಾಟಿಯಾಗಿ ಮೂರು ವಾರ ಆದಮೇಲೆ ಪೈರಿನ ಮೇಲೆ ಕೊರಡು, ಅಂದರೆ ಮರದ ದಿಮ್ಮಿ, ಎಳೆಸಿದೆ. ಅಕ್ಕನ ಮಗ ಅಳುವುದೊಂದು ಬಾಕಿ. "ಮಾವ, ಎಲ್ಲಾ ಮಲಗಿಬಿಡ್ತು!" ಬಾಗಿದರೆ ಬುಡದಲ್ಲಿ ಹೊಸ ತೆಂಡೆ, ಅಂದರೆ ಮರಿ ಪೈರು, ಒಡೆಯುತ್ತೆ ಕಣೋ ಅಂದರೆ ನಂಬಲಿಲ್ಲ. ಮೂರನೇ ದಿನ ಎದ್ದು ನಿಂತ ಪೈರಿನ ಫೋಟೋ ಕಳಿಸಿದೆ. ಮುಂದಿನ ಭಾನುವಾರ ಬಂದವನು ನನ್ನನ್ನು ಮಾತಾಡಿಸುವ ಮೊದಲು ಹೊಲಕ್ಕೆ ಹೋಗಿ ಮಂಡಿಯೂರಿ ತೆಂಡೆ ಎಣಿಸುತ್ತಾ ಕೂತ. ಒಂದು ಗುಳಿಯಲ್ಲಿ 18 ಇತ್ತು.

ಎಲ್ಲರೂ ಹಾಗೇ ಆಗಲಿಲ್ಲ. ಒಬ್ಬ ಹುಡುಗ ಎರಡು ಸಲ ಬಂದು ನಿಲ್ಲಿಸಿಬಿಟ್ಟ. ಅವನ ಗುಂಟೆಯಲ್ಲಿ ಕೊನ್ನಾರಿ, ಗರಿಕೆ ಎದ್ದಿತು. ನಾನು ಕೈ ಹಾಕಲಿಲ್ಲ, ಬೇಕೆಂದೇ. ಆದರೆ ಸಂಜೆ ಹೊತ್ತು ಅಮ್ಮ ಸದ್ದಿಲ್ಲದೆ ಹೋಗಿ ಕಿತ್ತು ಬರುತ್ತಿದ್ದಳು. ಕೇಳಿದರೆ "ಹಸುವಿಗೆ ಹುಲ್ಲು ಬೇಡ್ವೇನೋ" ಅಂತ ನನಗೇ ಗದರಿದಳು. ಅಮ್ಮನಿಗೆ ಎದುರಾಡೋಕೆ ಆಗುತ್ತಾ!

ಕೊಯ್ದು, ಕಣ ಮಾಡಿ, ತೂರಿ ಅಳೆದಾಗ ಪಕ್ಕದ ಮನೆ ಹುಡುಗಿಯದು 31 ಕಿಲೋ, ಅಕ್ಕನ ಮಗನದು 26. ಬಾರದವನದು 9. ಆ 9 ಕಿಲೋವನ್ನೂ ಚೀಲ ಕಟ್ಟಿ ಅವನ ಮನೆಗೇ ಕಳಿಸಿದೆ. ಆ ಸಂಜೆ ಫೋನ್ ಮಾಡಿದ: "ಅಂಕಲ್, ಉಳಿದವರದ್ದು ಎಷ್ಟು ಬಂತು?"