ಪ್ಲಾಟಸ್‌ನ ಅವಳಿಗಳನ್ನು ಕನ್ನಡದಲ್ಲಿ ಆಡಿಸಿದ್ದು

ಹಳೇ ರೋಮಿನ ಹಾಸ್ಯ ನಾಟಕಕಾರ ಪ್ಲಾಟಸ್‌ನ ನಾಟಕಗಳನ್ನು ಸುಮ್ನೆ ಕೂತು ಓದಿದರೆ ಇದರಲ್ಲಿ ಅಂಥದ್ದೇನಿದೆ ಅನಿಸುತ್ತದೆ. ಕಥೆಯನ್ನು ಮೊದಲೇ ಹೇಳಿಬಿಡುತ್ತಾನೆ. ಆಮೇಲೆ ಪಾತ್ರಗಳು ಬಂದು ಅದನ್ನೇ ಮತ್ತೆ ಹೇಳುತ್ತವೆ. ಒಬ್ಬ ಮಾತಾಡುತ್ತಿದ್ದರೆ ಪಕ್ಕದಲ್ಲೇ ನಿಂತ ಇನ್ನೊಬ್ಬ ಜನರ ಕಡೆ ತಿರುಗಿ ತನ್ನ ಪಾಡಿಗೆ ಏನೋ ಹೇಳಿಕೊಳ್ಳುತ್ತಾನೆ. ಆದರೆ ಅದೇ ಮಾತನ್ನು ಎದ್ದು ನಿಂತು, ಗಂಟಲು ಬಿಟ್ಟು, ಎದುರಿಗೆ ನಾಲ್ಕು ಜನರನ್ನು ಕೂರಿಸಿಕೊಂಡು ಆಡಿ ನೋಡಿ. ಓದುವಾಗ ಜಾಸ್ತಿಯಾಯಿತು ಅನಿಸಿದ ಮಾತೆಲ್ಲ ಅಲ್ಲಿ ದುಡಿಯುತ್ತದೆ. ನಮ್ಮ ಹವ್ಯಾಸಿ ತಂಡದಿಂದ ಅವನ ಅವಳಿಗಳ ನಾಟಕ ‘ಮೆನೆಕ್ಮಿ’ಯನ್ನು ಕನ್ನಡದಲ್ಲಿ ಆಡಿಸಿದಾಗ ನನಗೆ ಗಟ್ಟಿಯಾಗಿ ತಿಳಿದದ್ದು ಇದೊಂದೇ. ರೋಮನ್ ಹಾಸ್ಯ ನಾಟಕವನ್ನು ಕತ್ತರಿಸಿ ಚಿಕ್ಕದು ಮಾಡಬೇಡಿ. ಅದರ ಜೀವ ಇರುವುದೇ ನಾವು ಕತ್ತರಿಸಲು ಹೊರಡುವ ಜಾಗದಲ್ಲಿ.

ಪ್ಲಾಟಸ್ ಹುಟ್ಟಿದ್ದು ಇಟಲಿಯ ಅಂಬ್ರಿಯಾ ಸೀಮೆಯ ಸಾರ್ಸಿನಾ ಎಂಬ ಊರಲ್ಲಿ, ಸುಮಾರು ಕ್ರಿ.ಪೂ. 254ರಲ್ಲಿ. ತೀರಿಕೊಂಡದ್ದು ಕ್ರಿ.ಪೂ. 184ರಲ್ಲಿ. ಅವನ 20 ನಾಟಕಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿವೆ. ಕಥೆಗಳನ್ನು ಅವನು ಮೆನಾಂಡರ್ ಮುಂತಾದ ಗ್ರೀಕ್ ನಾಟಕಕಾರರಿಂದ ಎತ್ತಿಕೊಂಡ. ಊರು ಗ್ರೀಕರದ್ದು, ಬಟ್ಟೆ ಗ್ರೀಕರದ್ದು, ಹೆಸರೂ ಗ್ರೀಕರದ್ದೇ. ಆದರೆ ಮಾತು ಮತ್ತು ಹಾಡು ಲ್ಯಾಟಿನ್. ಅವನ ಕಾಲದಲ್ಲಿ ರೋಮ್ ನಗರದಲ್ಲಿ ಒಂದು ಕಾಯಂ ರಂಗಮಂದಿರವೂ ಇರಲಿಲ್ಲ. ಅಲ್ಲಿಯ ಮೊದಲ ಕಲ್ಲಿನ ರಂಗಮಂದಿರವನ್ನು ಸೇನಾಪತಿ ಪಾಂಪೆ ಕಟ್ಟಿಸಿದ್ದು ಕ್ರಿ.ಪೂ. 55ರಲ್ಲಿ, ಪ್ಲಾಟಸ್ ಸತ್ತು ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ. ಅಲ್ಲಿಯವರೆಗೆ ದೇವರ ಉತ್ಸವ ಬಂದಾಗ ಮರದ ಅಟ್ಟ ಕಟ್ಟುವುದು, ಆಡುವುದು, ಕಿತ್ತುಹಾಕುವುದು.

ಆ ಉತ್ಸವದ ಗದ್ದಲ ಎಂಥದ್ದು ಅನ್ನುವುದಕ್ಕೆ ಪ್ಲಾಟಸ್ ಆದ ಮೇಲೆ ಬಂದ ರೋಮನ್ ನಾಟಕಕಾರ ಟೆರೆನ್ಸ್‌ನ ‘ಹೆಕಿರಾ’ ನಾಟಕದ ಪೀಠಿಕೆಯೇ ಸಾಕ್ಷಿ. ಕ್ರಿ.ಪೂ. 165ರಲ್ಲಿ ಮೊದಲ ಸಲ ಆಡಲು ಹೋದಾಗ ಮುಷ್ಟಿಕಾಳಗದವರ ಹೆಸರು, ಹಗ್ಗದ ಮೇಲೆ ನಡೆಯುವವನ ಹೆಸರು ಎದ್ದು ನಾಟಕ ನಿಂತುಹೋಯಿತು. ಎರಡನೆಯ ಸಲ ಗ್ಲಾಡಿಯೇಟರ್‌ಗಳ ಕಾಳಗ ಇದೆಯಂತೆ ಅಂತ ಸುದ್ದಿ ಹಬ್ಬಿ ಜನ ನುಗ್ಗಿ ಬಂದರು, ಮತ್ತೆ ನಿಂತಿತು. ಮೂರನೆಯ ಸಲ ತಂಡದ ಯಜಮಾನ ಆಂಬಿವಿಯಸ್ ಟರ್ಪಿಯೊ ತಾನೇ ಮುಂದೆ ಬಂದು ಇದನ್ನೆಲ್ಲ ಜನರಿಗೆ ಹೇಳಿ, ದಯವಿಟ್ಟು ಸುಮ್ಮನೆ ಕೂತು ಕೇಳಿ ಅಂತ ಬೇಡಿಕೊಂಡ. ಪ್ಲಾಟಸ್‌ನ ‘ಪೀನುಲಸ್’ ನಾಟಕದ ಪೀಠಿಕೆಯಲ್ಲಂತೂ ದಾದಿಯರು ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳಿ, ಹೆಂಗಸರು ಸದ್ದಿಲ್ಲದೆ ನಗಿ ಅಂತ ಅಪ್ಪಣೆಗಳೇ ಇವೆ. ನಮ್ಮಲ್ಲೂ ನಾಟಕ ಶುರುವಾಗುವ ಮುಂಚೆ ಮೊಬೈಲ್ ಬಂದ್ ಮಾಡಿ ಅಂತ ಮೈಕಿನಲ್ಲಿ ಹೇಳುತ್ತೇವಲ್ಲ, ಆ ಕೆಲಸವನ್ನು ನಾವು ಈ ಸಲ ಪೀಠಿಕೆಯ ನಟನಿಗೇ ವಹಿಸಿದೆವು. ಅವನು ಅದನ್ನು ಪಾತ್ರದ ಧಾಟಿಯಲ್ಲೇ ಹೇಳಿ, ಅದರ ಬೆನ್ನಿಗೇ ಮೂಲದ ಸಾಲಿಗೆ ಹೋಗುತ್ತಿದ್ದ: “ನಿಮಗಾಗಿ ಪ್ಲಾಟಸ್‌ನನ್ನು ತಂದಿದ್ದೇನೆ, ಕೈಯಲ್ಲಲ್ಲ, ನಾಲಿಗೆಯ ಮೇಲೆ.” ಈ ಮಾತು ಬಂದ ಕೂಡಲೇ ಜನ ನಮ್ಮವರಾಗಿಬಿಡುತ್ತಿದ್ದರು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಸಿಸಿಲಿ ದ್ವೀಪದ ಸಿರಾಕ್ಯೂಸ್‌ನ ವ್ಯಾಪಾರಿಗೆ ಇಬ್ಬರು ಅವಳಿ ಗಂಡುಮಕ್ಕಳು. ಏಳು ವರ್ಷದವರಿದ್ದಾಗ ಒಬ್ಬ ಜಾತ್ರೆಯ ಗುಂಪಿನಲ್ಲಿ ಕಳೆದುಹೋಗುತ್ತಾನೆ. ಅವನ ಹೆಸರು ಮೆನೆಕ್ಮಸ್. ಉಳಿದವನಿಗೆ ತಾತ ಅದೇ ಹೆಸರಿಡುತ್ತಾನೆ. ಅವನು ದೊಡ್ಡವನಾಗಿ, ಮೆಸೆನಿಯೊ ಎಂಬ ಗುಲಾಮನ ಜೊತೆ ಆರು ವರ್ಷ ಊರೂರು ಅಲೆದು, ಕೊನೆಗೆ ಎಪಿಡಾಮ್ನಸ್ ಎಂಬ ಬಂದರಿಗೆ ಬರುತ್ತಾನೆ. ಈಗಿನ ಅಲ್ಬೇನಿಯಾದ ಡುರಸ್ ಅದು. ಕಳೆದುಹೋದವನು ಅಲ್ಲೇ ಇದ್ದಾನೆ. ಮದುವೆಯಾಗಿದೆ, ಪಕ್ಕದ ಮನೆಯ ಎರೋಟಿಯಂ ಎಂಬ ವೇಶ್ಯೆಯ ಸ್ನೇಹವೂ ಇದೆ. ಹೆಂಡತಿಯ ಮೇಲುಹೊದಿಕೆಯನ್ನು ಕದ್ದು ಅವಳಿಗೆ ಕೊಟ್ಟು, ಊಟಕ್ಕೆ ಬರುತ್ತೇನೆ ಅಡುಗೆ ಮಾಡಿಸು ಅಂತ ಹೇಳಿ ಪೇಟೆಗೆ ಹೋಗುತ್ತಾನೆ. ಆ ಊಟವನ್ನು ಉಂಡು, ಆ ಹೊದಿಕೆಯನ್ನೂ ತೆಗೆದುಕೊಂಡು ಹೋಗುವವನು ಹೊಸದಾಗಿ ಬಂದ ಅಣ್ಣನೋ ತಮ್ಮನೋ ಆದ ಇನ್ನೊಬ್ಬ. ಅಲ್ಲಿಂದ ಸಂಜೆಯವರೆಗೆ ಒಬ್ಬನ ಪಾಲಿನ ಸುಖ ಇನ್ನೊಬ್ಬನಿಗೆ, ಅವನ ಪಾಲಿನ ಬೈಗುಳ ಇವನಿಗೆ.

ತಾಲೀಮಿನಲ್ಲಿ ಮೊದಲು ಎದ್ದ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. ಆರು ವರ್ಷದಿಂದ ತನ್ನದೇ ರೂಪಿನವನನ್ನು ಹುಡುಕುತ್ತಿರುವ ಮನುಷ್ಯ, ಗೊತ್ತಿಲ್ಲದ ಊರಲ್ಲಿ ಎಲ್ಲರೂ ಹೆಸರು ಹಿಡಿದು ಕರೆದರೂ ‘ಓಹೋ, ನನ್ನ ಒಡಹುಟ್ಟಿದವನು ಇಲ್ಲೇ ಇದ್ದಾನೆ’ ಅಂತ ಯಾಕೆ ಅಂದುಕೊಳ್ಳುವುದಿಲ್ಲ? ಉತ್ತರ ನಾಟಕದಲ್ಲೇ ಇದೆ, ಅದೂ ನಮ್ಮ ನಟರು ‘ಇದು ಬೇಡ ಬಿಡಿ ಸಾರ್’ ಅಂದ ಮಾತಿನಲ್ಲಿ. ಬಂದರಿಗೆ ಇಳಿದ ಕೂಡಲೇ ಮೆಸೆನಿಯೊ ಒಡೆಯನನ್ನು ಎಚ್ಚರಿಸುತ್ತಾನೆ. ಈ ಊರು ಮೋಸಗಾರರದ್ದು, ಕುಡುಕರದ್ದು. ಆಮೇಲೆ ಎರೋಟಿಯಂ ಮನೆಯ ಅಡುಗೆಯವನು ಹೆಸರು ಹಿಡಿದು ಕರೆದಾಗ ಮೆಸೆನಿಯೊ ಇನ್ನೊಂದು ಮಾತು ಸೇರಿಸುತ್ತಾನೆ: ಇಲ್ಲಿನ ವೇಶ್ಯೆಯರು ಬಂದರಿಗೆ ಆಳು ಕಳಿಸಿ, ಬಂದ ಹಡಗಿನವರ ಹೆಸರು ಊರು ಎಲ್ಲ ತಿಳಿದುಕೊಂಡಿರುತ್ತಾರೆ. ಇಷ್ಟು ಭಯ ತಲೆಯಲ್ಲಿ ಕೂತರೆ ಮುಗಿಯಿತು. ಆಮೇಲೆ ಯಾರು ಹೆಸರು ಹಿಡಿದು ಕರೆದರೂ ಅದು ಮೋಸದ ಗುರುತಾಗಿಯೇ ಕಾಣುತ್ತದೆ. ಇಡೀ ನಾಟಕ ಓಡುವುದೇ ಈ ಎರಡು ಎಚ್ಚರಿಕೆಗಳ ಮೇಲೆ. ಆದ್ದರಿಂದ ಮೆಸೆನಿಯೊ ಪಾತ್ರದವನಿಗೆ ನಾನು ಹೇಳಿದ್ದು ಇಷ್ಟೇ: ಇಲ್ಲಿ ನಗಿಸಬೇಡ, ನಿಜವಾಗಿ ಹೆದರು, ನಿಧಾನವಾಗಿ ಹೇಳು, ಕೊನೇ ಸಾಲಿನ ಅಜ್ಜಿಗೂ ಕೇಳಬೇಕು.

ರಂಗಸಜ್ಜಿಕೆ ಬಹಳ ಸರಳ. ಒಂದು ಬೀದಿ, ಎರಡು ಬಾಗಿಲು. ಒಂದು ಕಡೆ ಹೋದರೆ ಪೇಟೆ, ಇನ್ನೊಂದು ಕಡೆ ಹೋದರೆ ಬಂದರು. ನಾವು ಪ್ರೇಕ್ಷಕರ ಬಲಗಡೆಯನ್ನು ಪೇಟೆ ಮಾಡಿ, ಎಡಗಡೆಯನ್ನು ಬಂದರು ಮಾಡಿ, ಅದನ್ನು ಒಂದು ಸಲವೂ ತಪ್ಪಿಸಲಿಲ್ಲ. ಪರದೆ ಸಾಕು ಅಂತ ತಂಡದಲ್ಲಿ ಕೆಲವರು ಹೇಳಿದರೂ ಬಾಗಿಲು ಮಾತ್ರ ನಿಜವಾದ ಮರದ್ದೇ ಬೇಕು ಅಂತ ನಾನು ಹಟ ಹಿಡಿದೆ. ಬಡಗಿಯ ಹತ್ತಿರ ಚೌಕಟ್ಟು ಮಾಡಿಸಿ, ಹಳೇ ಮನೆ ಕೆಡವಿದಲ್ಲಿಂದ ಬಾಗಿಲು ತಂದು ಕೂರಿಸಿದೆವು. ಯಾಕೆಂದರೆ ನಾಟಕದ ನಡುವೆ ಒಂದು ಗಳಿಗೆ ಇದೆ. ಹೆಂಡತಿ ‘ಹೊದಿಕೆ ತರದೆ ಮನೆಯೊಳಗೆ ಕಾಲಿಡಬೇಡ’ ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಎರೋಟಿಯಂ ಹತ್ತಿರ ಓಡುತ್ತಾನೆ. ಅವಳು ‘ಆಗಲೇ ನಿನ್ನ ಕೈಗೆ ಕೊಟ್ಟೆನಲ್ಲ’ ಅಂತ ಅವಳ ಬಾಗಿಲನ್ನೂ ಹಾಕಿಕೊಳ್ಳುತ್ತಾಳೆ. ನನ್ನಷ್ಟು ಹೊರಗಾದವನು ಯಾರೂ ಇಲ್ಲ ಅಂತ ಅವನು ಬೀದಿಯಲ್ಲಿ ನಿಲ್ಲುತ್ತಾನೆ. ಮರದ ಬಾಗಿಲು ದಢಾರ್ ಅಂತ ಬಡಿದು, ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿದರೆ ಆ ಗಳಿಗೆಗೆ ಬರುವ ನಗುವೇ ಬೇರೆ. ಬಟ್ಟೆಯ ಪರದೆಯಿಂದ ಅದು ಸಾಧ್ಯವೇ ಇಲ್ಲ.

ಈಗ ಸಂಗೀತ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಹೊರಗಿನ ಪ್ರದರ್ಶನಗಳಲ್ಲೂ ಇದನ್ನೇ ಮೊದಲು ಬಿಟ್ಟುಬಿಡುತ್ತಾರೆ. ಪ್ಲಾಟಸ್‌ನ ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ವಾದ್ಯದ ಜೊತೆ ಹೇಳುವಂಥದ್ದು. ಟಿಬಿಯಾ ಅನ್ನುವ ಜೋಡಿ ಕೊಳವೆಯ ಊದುವ ವಾದ್ಯ, ಅದರ ಬಾಯಲ್ಲಿ ನಾಲಿಗೆ ಪಟ್ಟಿ. ನುಡಿಸುವವನು ರಂಗದ ಮೇಲೇ ಇರುತ್ತಿದ್ದ. ಟೆರೆನ್ಸ್‌ನ ನಾಟಕಗಳಿಗೆ ಸಂಗೀತ ಮಾಡಿದ ಫ್ಲಾಕಸ್ ಎಂಬವನ ಹೆಸರು ಕೂಡ ಉಳಿದು ಬಂದಿದೆ. ಅವನೂ ಒಬ್ಬ ಗುಲಾಮ. ಈಗ ಪುಸ್ತಕದಲ್ಲಿ ಕಾಣುವ ಐದು ಅಂಕಗಳ ವಿಭಾಗವೋ, ಅದು ಪ್ಲಾಟಸ್ ಮಾಡಿದ್ದಲ್ಲ, ಎಷ್ಟೋ ಕಾಲದ ಮೇಲೆ ಬಂದವರು ಹಾಕಿದ್ದು. ಅವನ ನಾಟಕ ನಿಲ್ಲದೆ ಓಡುತ್ತಿತ್ತು. ಓಟದ ಲಯ ಬದಲಾಗುವುದು ವಾದ್ಯ ಶುರುವಾದಾಗ ಮತ್ತು ನಿಂತಾಗ. ಹಾಗಾಗಿ ನಾವು ವಿರಾಮವನ್ನೇ ಕೊಡಲಿಲ್ಲ. ಮೂಡಲಪಾಯ ಮೇಳದಲ್ಲಿ ಮುಖವೀಣೆ ನುಡಿಸಿ ಪಳಗಿದ ಹಿರಿಯರೊಬ್ಬರನ್ನು ಕೇಳಿಕೊಂಡು ಕರೆತಂದು, ಎರಡು ಬಾಗಿಲಿನ ನಡುವೆ ಎಲ್ಲರಿಗೂ ಕಾಣುವ ಹಾಗೆ ಕೂರಿಸಿದೆವು. ಮುಖವೀಣೆಗೂ ನಾಲಿಗೆ ಪಟ್ಟಿ ಇದೆ, ದನಿ ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ.

ಒಂದು ಪುಟದಲ್ಲಿ ಲ್ಯಾಟಿನ್, ಎದುರು ಪುಟದಲ್ಲಿ ಇಂಗ್ಲಿಷ್ ಇರುವ ಪುಸ್ತಕ ಇಟ್ಟುಕೊಂಡು ನಾನು ಛಂದಸ್ಸನ್ನು ಗುರುತು ಹಾಕುತ್ತಾ ಹೋದೆ. ಲ್ಯಾಟಿನ್ ಪದ್ಯವೂ ನಮ್ಮ ಹಾಗೆ ಲಘು ಗುರು ಲೆಕ್ಕದ್ದು. ಹೆಂಡತಿಯ ಅಪ್ಪ, ಮುದುಕ, ಬೀದಿಗೆ ಬರುವಾಗ ತನ್ನ ವಯಸ್ಸನ್ನು ಹಾಡಿಕೊಳ್ಳುತ್ತಾ ಬರುತ್ತಾನೆ. ಅಲ್ಲಿ ಪ್ಲಾಟಸ್ ಬಳಸಿದ ಗಣದ ಮೂಲ ರೂಪ ಒಂದು ಲಘು, ಎರಡು ಗುರು. ನಮ್ಮ ಯಗಣ! ಅಂಥ ನಾಲ್ಕು ಗಣ ಸೇರಿ ಒಂದು ಸಾಲು. ನಾಲ್ಕು ಯಗಣ ಅಂದರೆ ನಮ್ಮ ಭುಜಂಗಪ್ರಯಾತ ಅಲ್ವಾ? ಇದಕ್ಕೂ ಅದಕ್ಕೂ ನಂಟು ಕಟ್ಟಲು ನಾನು ಹೊರಟಿಲ್ಲ, ಪ್ಲಾಟಸ್ ನಡುನಡುವೆ ಗಣ ಬದಲಾಯಿಸುತ್ತಾನೆ ಕೂಡ. ಆದರೆ ನಾಟಕ ಕಟ್ಟುವವನಿಗೆ ಇದು ಸಿಕ್ಕಿದ ನಿಧಿ. ಮುದುಕನ ಹಾಡನ್ನು ನಾನು ಅದೇ ಅಳತೆಯಲ್ಲಿ ಬರೆದೆ: “ವಯಸ್ಸಾಯಿತಯ್ಯಾ ನಡೀಲಾರೆನಯ್ಯಾ”. ಐದು ಮಾತ್ರೆಯ ನಡಿಗೆಯಲ್ಲಿ ಮೊದಲ ಲಘುವಿಗೆ ಕೋಲು ಊರುವುದು, ಎರಡು ಗುರುವಿಗೆ ಎರಡು ಕಾಲು ಎಳೆಯುವುದು. ಪಾತ್ರ ಮಾಡಿದ ಗೆಳೆಯನಿಗೆ ಮುದುಕನ ಹಾಗೆ ನಡೆಯುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಪದ್ಯವೇ ಅವನನ್ನು ನಡೆಸಿತು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಒಬ್ಬ ಕವಿ ಮುದುಕನ ಮಂಡಿನೋವನ್ನು ಛಂದಸ್ಸಿನಲ್ಲೇ ಬರೆದಿಟ್ಟಿದ್ದ.

ಅವಳಿಗಳಿಗೆ ಒಂದೇ ಥರ ಕಾಣುವವರನ್ನು ನಾನು ಹುಡುಕಲಿಲ್ಲ. ಒಬ್ಬನೇ ಎರಡೂ ಪಾತ್ರ ಮಾಡೋಣ ಅಂದರೆ ಕೊನೆಯಲ್ಲಿ ಇಬ್ಬರೂ ಎದುರುಬದುರು ನಿಲ್ಲಲೇಬೇಕು. ಎತ್ತರದಲ್ಲೂ ಮೈಬಣ್ಣದಲ್ಲೂ ಬೇರೆಯಾದ ಇಬ್ಬರಿಗೆ ಒಂದೇ ಬಟ್ಟೆ, ಒಂದೇ ಚಪ್ಪಲಿ ಕೊಟ್ಟೆವು. ಪೀಠಿಕೆಯಲ್ಲಿ ‘ಇವರಿಬ್ಬರೂ ಹೆತ್ತತಾಯಿಗೇ ಗುರುತು ಸಿಗದಷ್ಟು ಒಂದೇ ಥರ’ ಅಂತ ಹೇಳಿದ್ದಾಗಿದೆ. ಜನ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಯಾವನು ಯಾವನು ಅಂತ ಅವರಿಗೆ ಒಂದು ಕ್ಷಣವೂ ಗೊಂದಲವಿಲ್ಲ. ಗೊಂದಲ ಇರಬೇಕಾದ್ದು ಪಾತ್ರಗಳಿಗೆ ಮಾತ್ರ. ನೋಡುವವನಿಗೆ ಎಲ್ಲ ಗೊತ್ತು, ಆಡುವವನಿಗೆ ಏನೂ ಗೊತ್ತಿಲ್ಲ. ಈ ಹಾಸ್ಯದ ಅಡಿಪಾಯ ಅದು.

ನಾಟಕದಲ್ಲಿ ನನಗೆ ನಿದ್ದೆಗೆಡಿಸಿದ ವಿಷಯವೂ ಇದೆ. ಹೆಂಡತಿಗೆ ಹೆಸರೇ ಇಲ್ಲ. ಅಪ್ಪನನ್ನು ಕರೆಸಿಕೊಂಡರೆ ಅವನೂ ಮೊದಲು ಅವಳಿಗೇ ಬುದ್ಧಿ ಹೇಳುತ್ತಾನೆ, ಗಂಡ ಎಲ್ಲಿ ಹೋದ, ಏನು ಮಾಡಿದ ಅಂತ ಕಾಯುತ್ತಾ ಕೂರಬೇಡ ಅಂತ. ಕೊನೆಯಲ್ಲಿ ಮೆಸೆನಿಯೊ ಮನೆಯ ಸಾಮಾನಿನ ಹರಾಜು ಸಾರುತ್ತಾ, ಕೊಳ್ಳುವವರಿದ್ದರೆ ಹೆಂಡತಿಯನ್ನೂ ಮಾರುತ್ತೇವೆ ಅನ್ನುತ್ತಾನೆ. ಅವನಿಗೋ ಆಗಷ್ಟೇ ಬಿಡುಗಡೆ ಸಿಕ್ಕಿದೆ. ಸ್ವಲ್ಪ ಹೊತ್ತಿನ ಹಿಂದೆ, ಚಾಟಿಗೆ ಹೆದರಿಯೇ ತಾನು ಒಳ್ಳೆಯ ಆಳಾಗಿರುವುದು ಅಂತ ಜನರೆದುರು ಹೇಳಿಕೊಂಡವನು. ಹೆಂಡತಿಯ ಪಾತ್ರ ಮಾಡಿದ ನಟಿ ಈ ಹರಾಜಿನ ಸಾಲನ್ನು ತೆಗೆದುಹಾಕಿ ಅನ್ನಲಿಲ್ಲ. ‘ನನ್ನನ್ನು ಅಲ್ಲಿ ನಿಲ್ಲಿಸಿ’ ಅಂದಳು. ಮೂಲದಲ್ಲಿ ಆ ಹೊತ್ತಿಗೆ ಹೆಂಡತಿ ರಂಗದ ಮೇಲಿಲ್ಲ. ನಾವು ಅವಳ ಬಾಗಿಲನ್ನು ತೆರೆದು ಅಲ್ಲಿ ನಿಲ್ಲಿಸಿದೆವು, ಮಾತಿಲ್ಲದೆ. ನಕ್ಕ ಜನ ಅವಳನ್ನು ಕಂಡು ತಡೆದರು. ಗುಲಾಮರನ್ನು, ಹೆಣ್ಣುಮಕ್ಕಳನ್ನು ಮಾರುತ್ತಿದ್ದ ಸಮಾಜದ ನಗು ಇದು. ಅದನ್ನು ಮುಚ್ಚಿಟ್ಟು ಆಡುವುದು ಸರಿ ಅಂತ ನನಗೆ ಅನಿಸುವುದಿಲ್ಲ.

ಈ ನಾಟಕ ನಮ್ಮವರೆಗೆ ಬಂದ ದಾರಿ ದೊಡ್ಡದು. ಪ್ಲಾಟಸ್‌ನ ಎಷ್ಟೋ ನಾಟಕಗಳು ಯುರೋಪಿನಲ್ಲಿ ಯಾರಿಗೂ ಸಿಗದೆ ಬಿದ್ದಿದ್ದವು. 1429ರಲ್ಲಿ ಕೂಸಾದ ನಿಕೊಲಾಸ್ ಎಂಬ ಜರ್ಮನ್ ವಿದ್ವಾಂಸ ತಂದ ಒಂದು ಹಸ್ತಪ್ರತಿಯಿಂದ 12 ನಾಟಕಗಳು ರೋಮಿಗೆ ಮರಳಿದವು. ಅದರಲ್ಲಿ ಈ ಅವಳಿಗಳೂ ಇದ್ದರು. 1486ರಲ್ಲಿ ಇಟಲಿಯ ಫೆರಾರಾದ ಅರಮನೆಯಲ್ಲಿ ಇಟಾಲಿಯನ್ ಭಾಷೆಯಲ್ಲಿ ಆಡಿದರು. ಆಮೇಲೆ ಷೇಕ್ಸ್‌ಪಿಯರ್ ಇದನ್ನೇ ಹಿಡಿದು ‘ಕಾಮಿಡಿ ಆಫ್ ಎರರ್ಸ್’ ಬರೆದ. ಪ್ಲಾಟಸ್‌ನ ‘ಆಂಫಿಟ್ರುವೊ’ದಲ್ಲಿ ಒಡೆಯನ ಜೊತೆ ಆಳಿಗೂ ಒಬ್ಬ ನಕಲಿ ಬರುತ್ತಾನೆ, ಅದನ್ನು ನೋಡಿ ಆಳುಗಳನ್ನೂ ಅವಳಿ ಮಾಡಿದ. ಹೆಂಡತಿಗೆ ಆಡ್ರಿಯಾನಾ ಅಂತ ಹೆಸರು ಕೊಟ್ಟು, ತನ್ನ ನೋವು ಹೇಳಿಕೊಳ್ಳಲು ಜಾಗವನ್ನೂ ಕೊಟ್ಟ. ಅದು 1594ರ ಡಿಸೆಂಬರ್ 28ರ ರಾತ್ರಿ ಲಂಡನ್ನಿನ ಗ್ರೇಸ್ ಇನ್ ಎಂಬ ವಕೀಲರ ಸಂಸ್ಥೆಯಲ್ಲಿ ನಡೆಯಿತು. ಕನ್ನಡಕ್ಕೆ ಬಂದದ್ದು ಷೇಕ್ಸ್‌ಪಿಯರ್ ಮೂಲಕ. 1871ರಲ್ಲೇ ಚನ್ನಬಸಪ್ಪನವರ ‘ನಗದವರನ್ನು ನಗಿಸುವ ಕಥೆ’ ಬಂತು. ವಿದ್ಯಾಸಾಗರರ ಬಂಗಾಳಿ ರೂಪದಿಂದ ಬಿ. ವೆಂಕಟಾಚಾರ್ಯರು ‘ಭ್ರಾಂತಿವಿಲಾಸ’ ಮಾಡಿದರು. 1997ರ ‘ಉಲ್ಟಾ ಪಲ್ಟಾ’ ಸಿನಿಮಾ ನೋಡಿ ನಕ್ಕವರೆಲ್ಲ ಪ್ಲಾಟಸ್‌ನ ಮೊಮ್ಮಕ್ಕಳ ಕೈಯಲ್ಲಿ ನಕ್ಕವರೇ. ಇಷ್ಟೆಲ್ಲ ಆಗಿರುವಾಗ ಮೂಲ ನಾಟಕವನ್ನೇ ಒಮ್ಮೆ ನೇರವಾಗಿ ಆಡಬೇಕು ಅನ್ನುವ ಆಸೆಯಿಂದಲೇ ನಾನು ಇದಕ್ಕೆ ಕೈ ಹಾಕಿದ್ದು.

ಈಗ ನಮ್ಮ ತಂಡ ‘ಆವುಲುಲಾರಿಯಾ’ ಓದುತ್ತಿದೆ. ಚಿನ್ನದ ಗಡಿಗೆಯನ್ನು ಹೂತಿಟ್ಟು ಹಗಲೂ ರಾತ್ರಿ ಕಾಯುವ ಯೂಕ್ಲಿಯೊ ಎಂಬ ಜಿಪುಣನ ಕಥೆ, 1668ರಲ್ಲಿ ಫ್ರೆಂಚ್ ನಾಟಕಕಾರ ಮೊಲಿಯೇರ್ ಬರೆದ ಜಿಪುಣನಿಗೆ ಮೂಲ. ಇದರ ಕೊನೆಯ ಪುಟಗಳು ಕಳೆದುಹೋಗಿವೆ. ಹಾಗಂತ ಹೆದರಬೇಕಾಗಿಲ್ಲ, ಇಲ್ಲೂ ಪ್ಲಾಟಸ್ ಪೀಠಿಕೆಯಲ್ಲೇ ಎಲ್ಲ ಹೇಳಿದ್ದಾನೆ. ಮನೆದೇವರು ಬಂದು, ಮಗಳ ಮದುವೆ ಸುಲಭವಾಗಲಿ ಅಂತಲೇ ಈ ಚಿನ್ನ ಇವನಿಗೆ ಸಿಗುವ ಹಾಗೆ ಮಾಡಿದೆ ಅನ್ನುತ್ತಾನೆ. ಉಳಿದು ಬಂದ ಹಳೆಯ ಸಾರಾಂಶದಲ್ಲೂ ಮುದುಕ ಕೊನೆಗೆ ಚಿನ್ನವನ್ನು ಅಳಿಯನಿಗೆ ಕೊಡುತ್ತಾನೆ. ಕೊನೆ ಏನು ಅಂತ ಗೊತ್ತು, ಅದಕ್ಕೆ ಮಾತನ್ನು ನಾವೇ ಬರೆಯಬೇಕು. ಮುಖವೀಣೆಯವರು ಈ ಸಲವೂ ಬರುತ್ತೇನೆ ಅಂದಿದ್ದಾರೆ.