ಹೆಡ್‌ಸೆಟ್ ತಲೆಗೆ ಸರಿಯಾಗಿ ಕೂತದ್ದು

ಅಣ್ಣ ತಾನು ಬಳಸುತ್ತಿದ್ದ ಕ್ವೆಸ್ಟ್ 2 ವಿಆರ್ ಹೆಡ್‌ಸೆಟ್ಟನ್ನು, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕವೇ ಕಾಣುವ ಸಾಧನವನ್ನು, ಅಮೆರಿಕದಿಂದ ತಂದುಕೊಟ್ಟ ಮೊದಲ ವಾರ, ಅದನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಹಾಕಿಕೊಂಡಿರಲು ನನ್ನಿಂದ ಆಗಲಿಲ್ಲ. ಕಣ್ಣಿನ ಹಿಂದೆ ನೋವು, ಅಕ್ಷರಗಳೆಲ್ಲ ಮಸುಕು. ತೆಗೆದಿಟ್ಟ ಮೇಲೂ ಅರ್ಧ ಗಂಟೆ ಹೊಟ್ಟೆ ತೊಳಸುತ್ತಿತ್ತು. ನನಗೆ ಇದು ಒಗ್ಗುವುದಿಲ್ಲ ಎಂದು ಅಟ್ಟ ಸೇರಿಸುವವನಿದ್ದೆ.

ಆದರೆ ತಪ್ಪಿದ್ದದ್ದು ಮಸೂರಗಳ ನಡುವಿನ ಅಂತರದಲ್ಲಿ. ಇದರ ಮಸೂರಗಳನ್ನು ಬೆರಳಿನಿಂದ ಹಿಡಿದು ಸರಿಸಬಹುದು. 58, 63, 68 ಮಿಲಿಮೀಟರಿನ ಮೂರು ಸ್ಥಾನಗಳಿವೆ. ಅಣ್ಣನ ಕಣ್ಣಿಗೆ ಹೊಂದುವಂತೆ ಅದು ಮೂರನೆಯದರಲ್ಲಿತ್ತು. ಮಸೂರಗಳು ಸರಿಯುತ್ತವೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣುಗಳ ಅಂತರ ತಿಳಿಯಲು ಕನ್ನಡಿಯಿಂದ ಒಂದು ಗೇಣು ದೂರ ನಿಂತು, ಹುಬ್ಬಿನ ಮೇಲೆ ಸ್ಕೇಲು ಹಿಡಿದು, ಬಲಗಣ್ಣು ಮುಚ್ಚಿ, ಎಡಗಣ್ಣಿನ ಪಾಪೆಯ ನಡುವಿಗೆ ಸೊನ್ನೆಯನ್ನು ಹೊಂದಿಸಿದೆ. ತಲೆ ಅಲುಗಿಸದೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಪಾಪೆಯ ನೇರಕ್ಕೆ ಬಂದ ಅಂಕಿ ಓದಿದೆ: 62. ಮೂರು ಸಲ ಅಳೆದರೂ ಅಷ್ಟೇ. ಎರಡನೆಯ ಸ್ಥಾನಕ್ಕೆ ಸರಿಸಿ ಹಾಕಿಕೊಂಡಾಗ ಅಕ್ಷರಗಳ ಅಂಚು ಸ್ಪಷ್ಟವಾಗಿ ಮೂಡಿತು. ಅಂದು ಮುಕ್ಕಾಲು ಗಂಟೆ ಆರಾಮವಾಗಿ ಕೂತಿದ್ದೆ.

ಇನ್ನುಳಿದದ್ದು ಭಾರ. 503 ಗ್ರಾಂ, ಅದರಲ್ಲಿ ಬಹುಪಾಲು ಮುಖದ ಮುಂದೆಯೇ. ಜಾರದಿರಲೆಂದು ಪಕ್ಕದ ಪಟ್ಟಿಗಳನ್ನು ಬಿಗಿದು ಕೆನ್ನೆಯ ಮೇಲೆ ಗೆರೆ ಮೂಡಿಸಿಕೊಳ್ಳುತ್ತಿದ್ದೆ. ನಿಜವಾಗಿ ಭಾರ ಹೊರಬೇಕಾದದ್ದು ನೆತ್ತಿಯ ಪಟ್ಟಿ. ಈಗ ಹಿಂಬದಿಯ ಪಟ್ಟಿಯನ್ನು ತಲೆಯ ಹಿಂದಿನ ಉಬ್ಬಿನ ಕೆಳಗೆ ಕೂರಿಸಿ, ಮೊದಲು ನೆತ್ತಿಯದನ್ನು ಎಳೆದು, ಕೊನೆಗಷ್ಟೇ ಪಕ್ಕದವನ್ನು ಹಗುರಾಗಿ ಬಿಗಿಯುತ್ತೇನೆ. ಹಿಂದೆ ಒಂದು ಸಣ್ಣ ಪವರ್ ಬ್ಯಾಂಕ್ ಕಟ್ಟಿದ ಮೇಲೆ ತಕ್ಕಡಿ ಸಮವಾಯಿತು, ಎರಡು ಮೂರು ಗಂಟೆಗೆ ಮುಗಿಯುತ್ತಿದ್ದ ಬ್ಯಾಟರಿಗೂ ಆಸರೆ ಸಿಕ್ಕಿತು. ಕಿಟಕಿಯ ಬಳಿ ಮಾತ್ರ ಎಂದೂ ಇಡುವುದಿಲ್ಲ. ಭೂತಗನ್ನಡಿಯಲ್ಲಿ ಕಾಗದ ಸುಡುವಂತೆ, ಮಸೂರಕ್ಕೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಕಲಿತದ್ದು ಅಮ್ಮನಿಗೆ ಉಪಯೋಗವಾಯಿತು. ಮಂಡಿನೋವಿನಿಂದಾಗಿ ಅವಳ ಹಂಪಿಯ ಪ್ರಯಾಣ ವರ್ಷಗಳಿಂದ ಮುಂದೆ ಹೋಗುತ್ತಲೇ ಇತ್ತು. ಅವಳ ಕಣ್ಣುಗಳ ಅಂತರ 58. ಮಸೂರಗಳನ್ನು ಒಂದನೆಯ ಸ್ಥಾನಕ್ಕೆ ತಂದೆ. ಕನ್ನಡಕ ಮಸೂರಕ್ಕೆ ತಾಗಿ ಗೀರದಂತೆ, ಪೆಟ್ಟಿಗೆಯಲ್ಲೇ ಬಂದಿದ್ದ ಪ್ಲಾಸ್ಟಿಕ್ ಚೌಕಟ್ಟನ್ನು ನಡುವೆ ಕೂರಿಸಿದೆ. ಕೈಗಳಿರುವ ಮರದ ಕುರ್ಚಿಯಲ್ಲಿ ಕೂರಿಸಿದೆ. ಸುತ್ತಲೂ ತಿರುಗಿ ನೋಡಬಹುದಾದ ಹಂಪಿಯ 360 ಡಿಗ್ರಿ ವಿಡಿಯೊಗಳಲ್ಲಿ ಕ್ಯಾಮೆರಾ ನಡೆದಾಡುವಂಥವನ್ನೆಲ್ಲ ಬದಿಗಿಟ್ಟೆ. ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುವಾಗ ಒಳಕಿವಿ ‘ಇಲ್ಲ, ಕೂತಿದ್ದೇನೆ’ ಎಂದರೆ ಹೊಟ್ಟೆ ತೊಳಸಲು ಅಷ್ಟೇ ಸಾಕು.

ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಅಮ್ಮ ನಿಧಾನವಾಗಿ ಸುತ್ತ ನೋಡಿದಳು. ಕಲ್ಲಿನ ರಥದತ್ತ ಬಾಗಿದಳು. “ಏನೋ ಇದು, ಬಾಗಿದರೂ ಗಾಲಿಯ ಕೆತ್ತನೆ ಹತ್ತಿರ ಬರುವುದಿಲ್ಲವಲ್ಲ?” ಎಂದಳು.

ಎಷ್ಟೋ ಜನರಿಗೆ ಹೊಳೆಯದ ಪ್ರಶ್ನೆ ಅದು. ಇಂಥ ವಿಡಿಯೊವನ್ನು ಕ್ಯಾಮೆರಾ ಒಂದೇ ಜಾಗದಲ್ಲಿ ನಿಂತು ಹಿಡಿದಿರುತ್ತದೆ; ಅದರಲ್ಲಿ ಕತ್ತು ತಿರುಗಿಸಬಹುದೇ ಹೊರತು ಹತ್ತಿರ ಹೋಗಲಾಗದು. ಕಂಪ್ಯೂಟರ್ ಮೂರು ಆಯಾಮಗಳಲ್ಲಿ ಕಟ್ಟಿದ ದೃಶ್ಯದಲ್ಲಿ ಅದು ಸಾಧ್ಯ. ಹೆಡ್‌ಸೆಟ್ಟಿನ ನಾಲ್ಕು ಕ್ಯಾಮೆರಾಗಳು ನಮ್ಮ ಕೋಣೆಯನ್ನು ಗಮನಿಸುತ್ತಾ ತಲೆ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತವೆ. ಕೋಣೆಯಲ್ಲಿ ಬೆಳಕು ಸಾಲದಿದ್ದರೆ ಈ ಲೆಕ್ಕ ತಪ್ಪುತ್ತದೆ. ಹಾಗಾಗಿ ದೀಪ ಹಾಕಿ, ಅವಳಿಗೆ ಅಂಥದೊಂದು ಮನೆಯನ್ನು ತೋರಿಸಿದೆ. ಬಾಗಿದಳು, ಮೇಜು ಹತ್ತಿರ ಬಂತು. ಅದರ ಮೇಲೆ ಕೈಯೂರಿ ಏಳಲು ಹೊರಟೇಬಿಟ್ಟಳು! ಪಕ್ಕದಲ್ಲೇ ಇದ್ದೆನಾದ್ದರಿಂದ ಹೆಗಲು ಹಿಡಿದುಕೊಂಡೆ. ಅಂದಿನಿಂದ ಅವಳು ಅದನ್ನು ಹಾಕಿಕೊಂಡಿರುವಷ್ಟು ಹೊತ್ತು ನಾನು ಜಾಗ ಬಿಟ್ಟು ಕದಲುವುದಿಲ್ಲ.

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಅಮ್ಮ 1, ನಾನು 2, ಅಣ್ಣ ಬಂದಾಗ 3.