ಬೀದಿ ದೀಪ ಮತ್ತು ನಮ್ಮನೆ ಸೇವಂತಿಗೆ

ಈ ಸಲ ಬಲಿಪಾಡ್ಯಮಿಗೆ, ಅಂದರೆ 2025ರ ಅಕ್ಟೋಬರ್ 22ಕ್ಕೆ, ಮಲೆನಾಡಿನ ಸಾಗರದ ನಮ್ಮ ಮನೆ ಮುಂದೆ ಸೇವಂತಿಗೆ ಅರಳಿತ್ತು. 38 ಕುಂಡಗಳಲ್ಲಿ 30ರಷ್ಟಾದರೂ ತುಂಬಿ ನಿಂತಿದ್ದವು. "ನಮ್ಮ ಮಳೆಗೆ ಸೇವಂತಿಗೆ ಆಗಲ್ಲ, ಸುಮ್ನೆ ದುಡ್ಡು ದಂಡ" ಅಂದವರೂ ಗೇಟಿನ ಹತ್ತಿರ ನಿಂತು ನೋಡಿ ಹೋದರು. ನನಗೆ ಹೆಮ್ಮೆ ಅನಿಸಿತು.

2022ರಲ್ಲಿ ನೆಲಕ್ಕೇ ನೆಟ್ಟಿದ್ದೆ. ಸಸಿಗೆ 15 ರೂಪಾಯಿಯಂತೆ 60 ಸಸಿ. ಆಷಾಢ ಮುಗಿಯುವಷ್ಟರಲ್ಲಿ ಬುಡ ಕೊಳೆತು ಎಲ್ಲ ಹೋದವು. ಮರುವರ್ಷ ಕುಂಡಕ್ಕೆ ಬಂದೆ. ಮಳೆಗಾಲ ಪೂರ್ತಿ ಸೂರಿನ ಕೆಳಗಿಟ್ಟೆ. ಗಿಡ ಸೊಂಟದೆತ್ತರ ಬಂತು, ಕಡುಹಸಿರು, ಆದರೆ ಮೊಗ್ಗಿಲ್ಲ. ಹಿತ್ತಲಿನ ಬಾವಿ ಪಕ್ಕದ 4 ಕುಂಡ ಮಾತ್ರ ಹೂ ಬಿಟ್ಟವು. ಒಂದೇ ಮಣ್ಣು, ಒಂದೇ ಗೊಬ್ಬರ. ಒಬ್ಬರು ಗೊಬ್ಬರ ಜಾಸ್ತಿ ಆಯ್ತು ಅಂದರು, ಇನ್ನೊಬ್ಬರು ದೃಷ್ಟಿ ಅಂದರು. ಒಂದು ಅಂಗಡಿಯಲ್ಲಿ 450 ರೂಪಾಯಿಯ ಬಾಟಲಿ ಕೊಟ್ಟರು. ಎರಡು ಸಲ ಸಿಂಪಡಿಸಿದೆ, ಎಲೆ ಇನ್ನಷ್ಟು ಅಗಲ ಆಯ್ತು ಅಷ್ಟೇ.

ಉತ್ತರ ಸಿಕ್ಕಿದ್ದು ಚಿಕ್ಕಬಳ್ಳಾಪುರದ ಕಡೆ ಮದುವೆಗೆ ಹೋದಾಗ. ರಾತ್ರಿ ಬಸ್ಸಿನ ಕಿಟಕಿಯಿಂದ ನೋಡಿದರೆ ಹೊಲದ ತುಂಬ ಬಲ್ಬು ಉರಿಯುತ್ತಿದ್ದವು. ಸೇವಂತಿಗೆ ಹೊಲ. ಹೂವು ತಡವಾಗಿ ಬರಲಿ ಅಂತಲೇ ಅವರು ಬೆಳಕು ಕೊಡುತ್ತಾರೆ. ಈ ಗಿಡಕ್ಕೆ ಉದ್ದನೆಯ ಕತ್ತಲು ಬೇಕು, ಕತ್ತಲು ಸಿಗದಿದ್ದರೆ ಮೊಗ್ಗು ಕಟ್ಟುವುದಿಲ್ಲ. ನಮ್ಮ ಗೇಟಿನ ಎದುರೇ ಎಲ್‌ಇಡಿ ಬೀದಿ ದೀಪ! ಬಾವಿ ಕಡೆಗೆ ಅದರ ಬೆಳಕು ಬೀಳುವುದಿಲ್ಲ. ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. "ದೀಪಕ್ಕೂ ಹೂವಿಗೂ ಎಲ್ಲಿಯ ಸಂಬಂಧ?" ಅಂದರು.

ಕಂಬ ಅಲ್ಲಿ ಇರಲೇಬೇಕು, ಟ್ಯೂಷನ್ ಮಕ್ಕಳು ಬರುವ ದಾರಿ ಅದು. ಅಷ್ಟೂ ಕುಂಡಕ್ಕೆ ಸಾಕಾಗುವ ಬಿಸಿಲು ಬೀಳುವುದು ಮುಂದಿನ ಅಂಗಳಕ್ಕೆ ಮಾತ್ರ, ಹಾಗಾಗಿ ಕುಂಡಗಳೂ ಅಲ್ಲೇ ಇರಬೇಕು. 2024ರಲ್ಲಿ ಸಂಜೆ ಆರಕ್ಕೆ ಕಪ್ಪು ಪ್ಲಾಸ್ಟಿಕ್ ಹೊದಿಸಿ ಬೆಳಿಗ್ಗೆ ತೆಗೆಯುತ್ತಿದ್ದೆ. ಶೀಟಿಗೆ 800 ರೂಪಾಯಿಯ ಹತ್ತಿರ ಆಯ್ತು. ಒಳಗೆ ಬೆವರಿ ಎಲೆ ಕಪ್ಪಾಗಿ 12 ಗಿಡ ಸತ್ತವು. ಇನ್ನೊಂದು ತಪ್ಪು: ಕವಲೊಡೆಯಲಿ ಅಂತ ಕುಡಿ ಚಿವುಟುವುದನ್ನು ಚೌತಿವರೆಗೆ ಎಳೆದೆ. ಉಳಿದ ಗಿಡಗಳು ದೀಪಾವಳಿ ಕಳೆದು ತಿಂಗಳಾದ ಮೇಲೆ ಅರಳಿದವು.

ಈ ವರ್ಷ ಹೊದಿಸಲೇ ಇಲ್ಲ, ದೀಪಕ್ಕೆ ಅಡ್ಡ ಕಟ್ಟಿದೆ. ಭಾವನ ತೋಟದಿಂದ ಅಡಿಕೆ ದಬ್ಬೆ (ಮರ ಸೀಳಿದ ಪಟ್ಟಿ) ತಂದೆ, ಹಳೆ ಫ್ಲೆಕ್ಸಿಗೆ 100 ರೂಪಾಯಿ ಕೊಟ್ಟೆ. ಕುಂಡಗಳ ಮೇಲೆ ನೆರಳು ಬಿದ್ದರೆ ಸಾಕು, ಗಾಳಿ ಆಡುತ್ತಿರುತ್ತದೆ. ದೀಪಾವಳಿ ಬೇಗ ಇತ್ತಲ್ವಾ, ಅದಕ್ಕೆ ನಾಗರಪಂಚಮಿ ದಾಟಿದ ಮೇಲೆ ಕುಡಿ ಮುಟ್ಟಲಿಲ್ಲ. ಆಗಸ್ಟ್ ನಡುವಿಂದ ಅಡ್ಡ ಇತ್ತು. ಮೊಗ್ಗು ಸಾಸಿವೆ ಕಾಳಿನಷ್ಟಾದಾಗ ಹುಳಿ ಮಜ್ಜಿಗೆಯಲ್ಲಿ ಒಂದು ವಸ್ತು ಕಲಸಿ ಬುಡಕ್ಕೆ ಹಾಕುತ್ತೇನೆ. ಅದೇನು ಅಂತ ಸದ್ಯಕ್ಕೆ ಹೇಳುವುದಿಲ್ಲ.

ನಂಬದವರಿಗಾಗಿ ಎರಡು ಕುಂಡಗಳನ್ನು ಬೇಕಂತಲೇ ಅಡ್ಡದ ಹೊರಗೆ, ದೀಪದ ಕೆಳಗೇ ಬಿಟ್ಟಿದ್ದೆ. ದೀಪಾವಳಿ ದಿನವೂ ಅವು ಬರೀ ಸೊಪ್ಪು. ಅಲ್ಲೇ ಸಾಲಿಗೆ ಚಿಕ್ಕ ಜಾತಿಯ ಚೆಂಡುಹೂವನ್ನೂ ಇಟ್ಟು ನೋಡಿದೆ. ಅದು ದೀಪವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಚೆನ್ನಾಗಿ ಅರಳಿತು. ಅಡಿಕೆ ಸಿಪ್ಪೆಯನ್ನು ಬುಡಕ್ಕೆ ಮುಚ್ಚಿದ ಕುಂಡಗಳಲ್ಲಿ ಗೆದ್ದಲು ಬಂತು, ತೆಗೆದು ದರಕು, ಅಂದರೆ ಒಣಗಿದ ಎಲೆ, ಹಾಕಿದೆ.

ಭೂಮಿ ಹುಣ್ಣಿಮೆ ದಿನ, ಅಂದರೆ ಮಲೆನಾಡಿನಲ್ಲಿ ಭೂಮಿಗೆ ಪೂಜೆ ಮಾಡುವ ಹಬ್ಬದಂದು, ಮೊದಲ ಹಳದಿ ಕಂಡಿತು. ಬೆಳಗಿನ ಜಾವ, ಇಬ್ಬನಿ ಇನ್ನೂ ಆರಿರಲಿಲ್ಲ. ಮನೆಯವಳು ಆ ಪೂಜೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನು ಹೊರಗೆ ತರುತ್ತಿದ್ದಳು. ಬಿರಿದಿದ್ದ ಒಂದೇ ಒಂದು ಹೂವನ್ನು ಕಿತ್ತು ಅದರಲ್ಲೇ ಇಟ್ಟೆವು. ಮಳೆ ನಿಂತು ಚಳಿ ಶುರುವಾಗುವ ಈ ಹದಿನೈದು ದಿನ ನನಗೆ ವರ್ಷದಲ್ಲೇ ತುಂಬ ಇಷ್ಟ. ಸಂಜೆ ಕಟ್ಟೆ ಮೇಲೆ ಚಹಾ ಕುಡಿಯುತ್ತ ಮೊಗ್ಗು ಎಣಿಸುವುದೇ ಕೆಲಸ.

ಪೂಜೆಗೆ ಇಟ್ಟುಕೊಂಡು, ನೆಂಟರಿಗೆ ಕೊಟ್ಟು, ಮಿಕ್ಕಿದ್ದನ್ನು ಹೂವಿನವಳಿಗೆ ಹಾಕಿದೆ. 1,300 ರೂಪಾಯಿ ಬಂತು ಅಂತ ನೆನಪು. ನಾಲ್ಕು ವರ್ಷದ ಖರ್ಚು ನಾಲ್ಕು ಸಾವಿರ ದಾಟಿದೆ, ಇನ್ನೆರಡು ದೀಪಾವಳಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಈಗ ಹೂ ಮುಗಿದ ಗಿಡಗಳನ್ನು ಗೇಣುದ್ದ ಬಿಟ್ಟು ಕತ್ತರಿಸಿದ್ದೇನೆ, ಬುಡದಲ್ಲಿ ಕಂದು (ಮರಿಸಸಿ) ಬರುತ್ತಿವೆ. ದೃಷ್ಟಿ ಅಂದಿದ್ದ ಎದುರುಮನೆಯವರು 10 ಕಂದು ಕೇಳಿದ್ದಾರೆ. ಅವರ ಅಂಗಳಕ್ಕೂ ಅದೇ ದೀಪ ಬೀಳುತ್ತದೆ, ಹಾಗಾಗಿ ಇನ್ನೊಂದು ಫ್ಲೆಕ್ಸ್ ಹುಡುಕುತ್ತಿದ್ದೇನೆ.